ಬಿಸಿಲಿಗಿ ಕೋಳಿ ಸಾಯ್ಲಿಕತ್ಯಾವ, ಏನ್ ಕೊಡ್ಬೇಕ್ರಿ? (ಕೋಳಿ ಸಾಕೋರ ವಾಟ್ಸಾಪ್ ಗ್ರೂಪಿನಾಗ ಪಶು ಡಾಕ್ಟರ್ ಜೊತಿ ಪ್ರಶ್ನೋತ್ತರ)

ಅಡ್ಮಿನ್, ಕಲಬುರಗಿ: ಬಿಸಿಲು 43 ದಾಟ್ಯದ. ಡಾಕ್ಟರ್ ಸಾಹೇಬ್ರು ರಾತ್ರಿ ಹತ್ತರ ತನಕ ಇರ್ತಾರ, ಬಿಸಿಲಿಂದಷ್ಟೇ ಕೇಳ್ರಿ.

ಆಳಂದ: ಸರ್ ನಮಸ್ಕಾರ್ರಿ, ವಿಟಮಿನ್ ಸಿ ಎಷ್ಟ್ ಹಾಕ್ಬೇಕ್ರಿ?

ಡಾಕ್ಟರ್: ನಮಸ್ಕಾರ. ಟನ್ ಫೀಡಿಗಿ 250 ಗ್ರಾಂ. ನೀರಾಗ ಕೊಟ್ರ ಆವತ್ತಿಂದು ಆವತ್ತೇ ಕಲಸ್ರಿ, ಕ್ಲೋರಿನ್ ನೀರಾಗ ಅದು ಉಳಿಯಲ್ಲ.

ಹುಮನಾಬಾದ್: ತತ್ತಿ ಸಿಪ್ಪಿ ತೆಳ್ಳಗಾಗ್ಯದ್ರಿ ಸರ್, ಟ್ರೇದಾಗ ಇಡೋದ್ರಾಗೇ ಒಡೀತಾವ.

ಡಾಕ್ಟರ್: ಕೋಳಿ ತೇಕಿದಷ್ಟೂ ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗ್ತದ, ಸಿಪ್ಪಿ ಕಟ್ಲಿಕ್ಕ ಬೇಕಾದ ಬೈಕಾರ್ಬೊನೇಟ್ ಕಮ್ಮಿ ಬೀಳ್ತದ. ಸಿಪ್ಪಿ ಕಟ್ಟೋದು ಹೆಚ್ಚಿಗಿ ರಾತ್ರಿನೇ, ದಪ್ಪ ಸುಣ್ಣಕಲ್ಲಿನ ಚೂರು ಸಂಜಿಗಿ ಕೊಡ್ರಿ.

ಸೇಡಂ: ಸರ್ 35 ದಿನದ ಬ್ರಾಯ್ಲರ್, ಪತ್ರಾ ಶೆಡ್, ದಿನಾ ಮಧ್ಯಾಹ್ನ ಮೂರು ನಾಕಕ್ಕ ದೊಡ್ಡ ದೊಡ್ಡವೇ ಬೀಳ್ಲಿಕತ್ಯಾವ, ನಿನ್ನೆ 40 ಹೋದ್ವು, ನೀರಾಗ ಎಲೆಕ್ಟ್ರೋಲೈಟ್ (ಲವಣದ ಪುಡಿ), ಅಡಗಿ ಸೋಡಾ ಎರಡೂ ಹಾಕೀನಿ ಏನೂ ಆಗವಲ್ದು.

ಡಾಕ್ಟರ್: ಯಾವ ಫೀಡು? ನೀರು ಸವಳ ಅದನ? ಸತ್ತ ಕೋಳಿದು ಗಂಟಲ ಚೀಲ ಮುಟ್ಟಿ ನೋಡೀರೇನು?

ಸೇಡಂ: ಚೀಲ ಬಿಗಿ ತುಂಬಿತ್ರಿ. ಬೋರ್ ನೀರು ಸವಳೇ. ಮರಿ ಇದ್ದಾಗ ಹಾಕೋ ಸ್ಟಾರ್ಟರ್ ಫೀಡ್ ಉಳದಿತ್ತು, ಹಾಳಾಗ್ತದಂತ ಹೋದ ವಾರದಿಂದ ಅದನ್ನೇ ಹಾಕ್ಲಿಕತ್ತೀನಿ.

ಚಿಂಚೋಳಿ: ಫಾರ್ವರ್ಡ್ ಬಂದದ ನೋಡ್ರಿ, ಕರ್ಪೂರ, ಉಳ್ಳಾಗಡ್ಡಿ ರಸ, ಒಂದ್ ಹಿಡಿ ಉಪ್ಪು ನೀರಾಗ ಹಾಕಿದ್ರ ಒಂದೂ ಸಾಯಲ್ಲಂತ.

ಡಾಕ್ಟರ್: ಆ ಹಿಡಿ ಉಪ್ಪೇ ಸಾಯ್ಸ್ತದ. ಡಿಲೀಟ್ ಮಾಡ್ರಿ.

ಸೇಡಂದವರೇ, ನನಗ ಚಿಂತಿ ಆಗಿದ್ದು ನಿಮ್ ಸ್ಟಾರ್ಟರ್‌ದು. ಅದರಾಗ ಪ್ರೋಟೀನ್ ಹೆಚ್ಚು, ಹೆಚ್ಚಾದ ಪ್ರೋಟೀನ್ ಅರಗಿಸಿ ಹೊರಗ ಹಾಕೋದ್ರಾಗ ಮೈ ಕಾವು ಏರ್ತದ. ಕೆಲವು ಸ್ಟಾರ್ಟರ್‌ನ್ಯಾಗ ಕಾಕ್ಸಿ (ಕರುಳಿನ ರಕ್ತಭೇದಿ ರೋಗ) ಬರಬಾರ್ದಂತ ನಿಕಾರ್ಬಜಿನ್ ಅನ್ನೋ ಔಷಧಿ ಇರ್ತದ, ಅದಿದ್ರ ಬಿಸಿಲಾಗ ಸಾಯೋದು ಇನ್ನೂ ಹೆಚ್ಚು, ಮಾರೋ ಕೋಳಿಗಂತೂ ಅದು ಇರಲೇಬಾರ್ದು. ಫೀಡ್ ಚೀಲದ ಮ್ಯಾಲಿನ ಚೀಟಿ ಓದ್ರಿ. ಗಂಟಲ ಚೀಲ ತುಂಬಿತ್ತಂದ್ರ ಬಿಸಿಲಾಗೂ ತಿಂದಾವ, ಅದನ್ನ ಅರಗಿಸೋ ಕಾವೂ ಸೇರ್ತದ. ಅದಕ್ಕ ಮುಂಜಾನಿ ಹತ್ತಕ್ಕ ಫೀಡ್ ಎತ್ರಿ, ಸಂಜಿ ಐದರ ಮ್ಯಾಲ ಇಡ್ರಿ, ಆಗ ಎಲ್ಲಾ ಒಮ್ಮಿಗೇ ಮುಗಿಬೀಳ್ತಾವ, ಫೀಡರ್ ಜಾಸ್ತಿ ಹಚ್ರಿ. ನೀರು ಮಾತ್ರ ತೆಗೀಬ್ಯಾಡ್ರಿ. ಸವಳ ನೀರಿಗಿ ಮತ್ತ ಸೋಡಾ, ಎಲೆಕ್ಟ್ರೋಲೈಟ್ ಅಂದ್ರ ಸೋಡಿಯಂ ಮಿತಿ ಮೀರ್ತದ, ಎರಡೂ ನಿಲ್ಸ್ರಿ, ಸಿಹಿ ನೀರಿನ ಟ್ಯಾಂಕರ್ ತರಿಸ್ರಿ. ಟ್ಯಾಂಕಿಗಿ ಒದ್ದಿ ಗೋಣಿ ಸುತ್ರಿ.

ಚಿಂಚೋಳಿ: ಇದಕ್ಕೇ ಜವಾರಿ ಸಾಕ್ರಿ ಅನ್ನೋದು, ಬಿಸಿಲು ತಡೀತಾವ.

ಶಹಾಪುರ: ಅಣ್ಣಾ ಶೆಡ್ ಸಾಲ ನೀ ಕಟ್ತೀಯೇನು? ಜವಾರಿ ಎರಡು ಕೆಜಿ ಆಗ್ಲಿಕ್ಕ ಎಷ್ಟ್ ತಿಂಗಳು ಬೇಕು ಗೊತ್ತದನ?

ಚಿಂಚೋಳಿ: ಸಾಲ ಮಾಡಂತ ನಾ ಹೇಳಿದ್ನೇನು?

ಶಹಾಪುರ: ಫಾರ್ವರ್ಡ್ ಹಾಕಿ ಮಂದಿ ಕೋಳಿ ಸಾಯ್ಸ್ತಿ, ಮತ್ತ ಬುದ್ಧಿ ಹೇಳ್ತಿ.

ಭಾಲ್ಕಿ: ಸರ್ ಗಿರಿರಾಜ ತಳಿ ಕೋಳಿಗೂ ವಿಟಮಿನ್ ಸಿ ಇದೇ ಡೋಸೇನ್ರಿ?

ಯಾದಗಿರಿ: ವಿಟಮಿನ್ ಸಿ ಎಷ್ಟ್ರಿ ಸರ್?

ಡಾಕ್ಟರ್: ಮ್ಯಾಲ ಬರದೀನಿ, ಓದ್ರಿ.

ಅಡ್ಮಿನ್, ಕಲಬುರಗಿ: ಜಗಳ ಬ್ಯಾರೆ ಕಡಿ ಮಾಡ್ಕೋರಿ.

ಸೇಡಂ: ಸರ್ ಚೀಟಿ ಸಿಕ್ತು. ನಿಕಾರ್ಬಜಿನ್ ಅಂತೇ ಅದ.

ಡಾಕ್ಟರ್: ಈಗಿಂದೀಗ ತೆಗೀರಿ, ಫಿನಿಷರ್ (ದೊಡ್ಡ ಕೋಳಿಗಿ ಕೊನಿಗಿ ಹಾಕೋ ಫೀಡ್) ಇದ್ದವ್ರ ಹತ್ರ ಎರಡು ಚೀಲ ಕೈಗಡ ತರ್ರಿ. ಔಷಧಿ ನಿಲ್ಸಿ ಎಷ್ಟ್ ದಿನಕ್ಕ ಮಾರಬೇಕಂತ ಅದೇ ಚೀಟಿ ಮ್ಯಾಲ ಇರ್ತದ, ಅದಕ್ಕಿಂತ ಮುಂಚೆ ಒಂದೂ ಕೊಡಬ್ಯಾಡ್ರಿ. ನಾಳೆ ಸಂಜಿ ಎಷ್ಟ್ ಹೋದ್ವು ನನಗೇ ಫೋನ್ ಮಾಡ್ರಿ.

ಭಾಲ್ಕಿ: ಸರ್ ಗಿರಿರಾಜದ್ದು?