ಟೋನಿ ಬೆನೆಟ್ ಹಾಡಿದ್ದನ್ನು ಯುಗಳಗೀತೆ ಎನ್ನಬಹುದೇ?

ಅಮೆರಿಕದ ಗಾಯಕ ಟೋನಿ ಬೆನೆಟ್ ಕುರಿತು ಲೇಖನವೊಂದನ್ನು ಬರೆಯುತ್ತಾ ಕನ್ನಡ ಪದಗಳಿಗೆ ತಡಕಾಡುತ್ತಿದ್ದೇನೆ. ಅವರಿಗೆ 80 ತುಂಬಿದ 2006ರಲ್ಲಿ, ಬೇರೆ ಬೇರೆ ಗಾಯಕರ ಜೊತೆ ಹಾಡಿದ ‘ಡ್ಯುಯೆಟ್ಸ್’ ಆಲ್ಬಂ ಬಂತು. 2011ರಲ್ಲಿ ಎರಡನೆಯದು.

‘ಡ್ಯುಯೆಟ್’ಗೆ ಯುಗಳಗೀತೆ ಎಂದು ಬರೆದಿದ್ದೆ. ಮತ್ತೆ ಓದಿದಾಗ ಸರಿ ಕಾಣಲಿಲ್ಲ. ನಮ್ಮ ಸಿನಿಮಾದ ಯುಗಳಗೀತೆ ಹುಟ್ಟುವಾಗಲೇ ಇಬ್ಬರದು. ಅವನು ಕೇಳುತ್ತಾನೆ, ಅವಳು ಉತ್ತರಿಸುತ್ತಾಳೆ. ಎರಡನೆಯ ಆಲ್ಬಮ್ಮಿನಲ್ಲಿ ಬೆನೆಟ್ ಮತ್ತು ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಹಾಡಿರುವ ‘ಬಾಡಿ ಅಂಡ್ ಸೋಲ್’ 1930ರ ಹಾಡು, ಒಂಟಿ ಜೀವವೊಂದರ ಅಳಲು. 84ರ ಮುದುಕರು, 27ರ ಹುಡುಗಿ ಅದನ್ನು ಹಂಚಿಕೊಂಡು ಹಾಡುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿರುವಂತೆ ಕೇಳಿಸುವುದೇ ಇಲ್ಲ, ಒಂದೇ ನೋವನ್ನು ಇಬ್ಬರೂ ತಂತಮ್ಮದಾಗಿ ತೋಡಿಕೊಂಡಂತಿದೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮಾರ್ಚ್‌ನಲ್ಲಿ ಧ್ವನಿಮುದ್ರಣವಾಯಿತು. ಜುಲೈನಲ್ಲಿ ಏಮಿ ತೀರಿಕೊಂಡರು. ಅದನ್ನು ನೆನೆದು ಕೇಳಿದರೆ ಗಂಟಲು ಕಟ್ಟುತ್ತದೆ.

ಇಲ್ಲಿ ಜೋಡಿಯಾಗಿರುವುದು ಗಾಯನ ಮಾತ್ರ, ಗೀತೆ ಒಬ್ಬರದೇ. ಹಾಗಾಗಿ ‘ಯುಗಳ ಗಾಯನ’ ಎಂದು ತಿದ್ದಿಕೊಂಡೆ. ‘ಜುಗಲ್‌ಬಂದಿ’ ಬೇಡವೆನಿಸಿತು. ಆ ಮಾತಿನಲ್ಲಿ ಸ್ವಲ್ಪ ಪೈಪೋಟಿಯಿದೆ. ಬೆನೆಟ್ ಅಂದು ಅಳುಕುತ್ತಿದ್ದ ಏಮಿಗೆ ಧೈರ್ಯ ತುಂಬಿ ಹಾಡಿಸಿದವರು.

ಬೆನೆಟ್‌ರಂಥ ಗಾಯಕರನ್ನು ಕರೆಯುವ ‘ಕ್ರೂನರ್’ ಪದಕ್ಕೆ ‘ಗುನುಗುವವ’ ಎನ್ನುವುದು ತಪ್ಪು. ಗುನುಗುವುದು ನಮ್ಮಷ್ಟಕ್ಕೆ ನಾವು, ಮಾತು ಅರ್ಧ ನುಂಗಿ. ಕ್ರೂನರ್‌ಗಳು ಬಂದದ್ದು ಮೈಕಿನ ಜೊತೆಗೆ, 1920ರ ದಶಕದಲ್ಲಿ. ಸಭಾಂಗಣದ ಕೊನೆಯ ಸಾಲಿಗೆ ಮುಟ್ಟಿಸಲು ದನಿ ಎತ್ತಬೇಕಾದ ಕಷ್ಟ ತಪ್ಪಿತು. ಅಮೆರಿಕದ ಬಿಂಗ್ ಕ್ರಾಸ್ಬಿಯಂಥ ಗಾಯಕರು ಕಿವಿಯ ಹತ್ತಿರ ಕೂತು ಹೇಳಿದ ಹಾಗೆ, ಅಕ್ಷರ ಅಕ್ಷರವೂ ತಿಳಿಯುವಂತೆ ಹಾಡಿದರು. ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದ ನಮಗೆ ಆ ಸುಖ ಗೊತ್ತು, ಹೆಸರು ಮಾತ್ರ ಇಲ್ಲ. ‘ಮೆಲುದನಿಯ ಗಾಯಕ’ ಎಂದರೆ ನಡೆದೀತು. ಆದರೆ ಹಾಡಿನ ಕೊನೆಗೆ ಕಂಠ ಪೂರ್ತಿ ಬಿಚ್ಚುವ ಬೆನೆಟ್‌ಗೆ ಅದು ಅರ್ಧವೇ ಹೊಂದುತ್ತದೆ.

ನಿಜಕ್ಕೂ ಕಾಡುತ್ತಿರುವುದು ‘ಸ್ಟಾಂಡರ್ಡ್’, ಅಂದರೆ ‘ಬಾಡಿ ಅಂಡ್ ಸೋಲ್’ನಂತೆ ಗಾಯಕರೆಲ್ಲ ಮತ್ತೆ ಮತ್ತೆ ಹಾಡುತ್ತ ಬಂದ ಹಾಡು. ‘ಶಿಷ್ಟ ಗೀತೆ’ ಎಂದರೆ ಜಾನಪದಕ್ಕೆ ಎದುರಾದದ್ದು ಎಂದು ಅರ್ಥವಾಗುತ್ತದೆ. ‘ಹಳೆಯ ಹಾಡು’ ಸಾಲದು. ದಾಸರ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡಿದರೂ ಅದು ಎಲ್ಲರದೂ ಆಗಿ ಉಳಿಯುತ್ತದಲ್ಲ, ಅಂಥ ಹಾಡು ಇದು. ಸದ್ಯಕ್ಕೆ ‘ರೂಢಿಯ ಹಾಡು’ ಎಂದು ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪಿಲ್ಲ. ಎಲ್ಲ ಗಾಯಕರೂ ಒಮ್ಮೆಯಾದರೂ ಹಾಡಿಯೇ ತೀರುವ ಇಂಥ ಹಾಡನ್ನು ನಮ್ಮ ಸುಗಮ ಸಂಗೀತದವರು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ? ಬಲ್ಲವರು ತಿಳಿಸಬೇಕು.