ನಿಧಾನದ ಸಿನಿಮಾ ಹೇಗೆ ನೋಡ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ ಕೇಳಿದವರು:
ಕಳೆದ ಭಾನುವಾರ ರಷ್ಯಾದ ನಿರ್ದೇಶಕ ತರ್ಕೋವ್‌ಸ್ಕಿಯ ‘ಸ್ಟಾಕರ್’ (1979) ನೋಡಲು ಕೂತೆ. ಎರಡೂಮುಕ್ಕಾಲು ಗಂಟೆ ಹತ್ತಿರದ ಸಿನಿಮಾ. ನಲವತ್ತನೇ ನಿಮಿಷಕ್ಕೆ ನಿದ್ದೆ ಬಂತು. ಎದ್ದಾಗಲೂ ಮೂವರು ಹುಲ್ಲಿನಲ್ಲೇ ನಡೆಯುತ್ತಿದ್ದರು! ಗೆಳೆಯರು ‘ಏನ್ ವಾತಾವರಣ, ಏನ್ ಸೌಂಡು, ಏನ್ ಸಂಕೇತ’ ಅಂತಾರೆ. ನನಗೆ ಕಂಡಿದ್ದು ಒದ್ದೆ ಗೋಡೆ. ಮನಸ್ಸಿನೊಳಗಿನ ಕಥೆ, ಮಾಯೆಯ ಕಥೆ ಇರುವ ಇಂಥ ಸಿನಿಮಾಗಳನ್ನು ನೀವೆಲ್ಲ ಹೇಗೆ ನೋಡ್ತೀರಿ? ಥಿಯರಿ ಬೇಡ. ನಿಮಗೆ ಯಾವಾಗ, ಹೇಗೆ ಹಿಡಿಸಿತು ಅನ್ನೋದನ್ನ ಹೇಳಿ.

ಸೌಂಡ್ ಮಿಕ್ಸಿಂಗ್ ಕೆಲಸದವನು:
ಮೊದಲು ಒಂದು ಪ್ರಶ್ನೆ. ಯಾವುದರಲ್ಲಿ ನೋಡಿದ್ರಿ ಸರ್? ಲ್ಯಾಪ್‌ಟಾಪ್ ಸ್ಪೀಕರ್ ಆದರೆ ತಪ್ಪು ನಿಮ್ಮದಲ್ಲ. ಆ ಪುಟ್ಟ ಸ್ಪೀಕರ್‌ಗಳಲ್ಲಿ ಗುಂಯ್ ಅನ್ನೋ ಬೇಸ್ ಸರಿಯಾಗಿ ಬರೋದೇ ಇಲ್ಲ. ಕಾಲೇಜಿನಲ್ಲಿದ್ದಾಗ ಡೇವಿಡ್ ಲಿಂಚ್‌ನ ‘ಇರೇಸರ್‌ಹೆಡ್’ (1977) ಅನ್ನು ಹಾಸ್ಟೆಲಿನಲ್ಲಿ ಹಾಗೇ ನೋಡಿ, ಇದರಲ್ಲೇನಿದೆ ಮಣ್ಣು ಅಂತ ನಕ್ಕಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ ಒಳ್ಳೆ ಹೆಡ್‌ಫೋನಿನಲ್ಲಿ ಹಾಕಿದೆ. ಗೋಡೆಯಾಚೆ ಯಾವುದೋ ಮಿಲ್ಲು ಓಡುತ್ತಲೇ ಇರುವ ಹಾಗೆ. ಯಾರೂ ಮಾತಾಡದಿದ್ದಾಗಲೂ ಆವಿ ಸೋರುವಂಥ ಸದ್ದು. ಹತ್ತು ನಿಮಿಷಕ್ಕೆ ನನ್ನ ಹೆಗಲು ಬಿಗಿದುಕೊಂಡಿತ್ತು. ಕಥೆಯಲ್ಲಿ ಇನ್ನೂ ಏನೂ ಆಗಿರಲಿಲ್ಲ! ಲಿಂಚ್ ಮತ್ತು ಅಲನ್ ಸ್ಪ್ಲೆಟ್ ಸೇರಿ ಕಟ್ಟಿದ ಸೌಂಡ್ ಅದು.

‘ಸ್ಟಾಕರ್’ನಲ್ಲಿ ಮೂವರು ಹಳಿ ಮೇಲಿನ ಪುಟ್ಟ ಟ್ರಾಲಿ ಹತ್ತಿ ಝೋನ್ ಅನ್ನೋ ನಿಷೇಧಿತ ಜಾಗದೊಳಗೆ ಹೋಗ್ತಾರಲ್ಲ, ಅದೊಂದನ್ನೇ ಮತ್ತೆ ಕೇಳಿ. ಲೆಕ್ಕ ಹಾಕಿದರೆ ನೀವು ಎಚ್ಚರ ಇದ್ದಾಗಲೇ ಬಂದು ಹೋಗಿರುತ್ತೆ. ಸುಮಾರು ನಾಲ್ಕು ನಿಮಿಷ. ತೋರಿಸೋದು ತಲೆಯ ಹಿಂಭಾಗ, ಕೆನ್ನೆಯ ಪಕ್ಕ, ಇಷ್ಟೇ. ಕೇಳಿಸೋದು ಗಾಲಿಯ ಟಕಟಕ. ಸಂಗೀತ ಮಾಡಿದ ಎಡುವಾರ್ಡ್ ಅರ್ತೆಮ್ಯೆವ್ ಆ ಟಕಟಕದೊಳಗೇ ಎಲೆಕ್ಟ್ರಾನಿಕ್ ದನಿಯನ್ನು ನಿಧಾನಕ್ಕೆ ಬೆರೆಸುತ್ತಾ ಹೋಗ್ತಾರೆ. ಕಬ್ಬಿಣದ ಸದ್ದು ಕಬ್ಬಿಣದ್ದಾಗಿ ಉಳಿಯಲ್ಲ. ಅಲ್ಲಿವರೆಗೆ ಕಂದು ಕಂದಾಗಿದ್ದ ಚಿತ್ರಕ್ಕೆ ಬಣ್ಣ ಬಂದು ಹಸಿರು ಕಾಣೋದು ಅದಾದ ಮೇಲೆ. ಕಿವಿ ಆಗಲೇ ಗಡಿ ದಾಟಿ ಆಗಿರುತ್ತೆ.

ತೀರ್ಥಹಳ್ಳಿ ಕಡೆಯವಳು:
ನಾನು ಹೆಡ್‌ಫೋನಿಗೆಲ್ಲ ತಲೆ ಕೆಡಿಸಿಕೊಂಡವಳಲ್ಲ. ನನಗೆ ಪಾಠ ಆಗಿದ್ದು ನಮ್ಮೂರ ಮಳೆಯಿಂದ. ಆಷಾಢದಲ್ಲಿ ರಾತ್ರಿಯಿಡೀ ಹಂಚಿನ ಮೇಲೆ ಸುರಿಯುತ್ತಿದ್ದರೂ ನಿದ್ದೆಗೇನೂ ತೊಂದರೆ ಇಲ್ಲ. ಮೂರು ಗಂಟೆಗೆ ಗಕ್ಕನೆ ನಿಂತರೆ ಮನೆಯವರೆಲ್ಲ ಎಚ್ಚರ. ಅಜ್ಜಿ ಕತ್ತಲಲ್ಲೇ ‘ಎಂತಾಯ್ತೇ?’ ಅಂತಿದ್ದರು. ಎಂತದೂ ಆಗಿರುತ್ತಿರಲಿಲ್ಲ. ಸದ್ದು ನಿಂತಿರುತ್ತಿತ್ತು, ಅಷ್ಟೆ.

ಹಾಗಾಗಿ ಯಾವ ಸದ್ದು ಇಲ್ಲ ಅನ್ನೋದರ ಕಡೆ ನನ್ನ ಗಮನ. ಹಿಚ್‌ಕಾಕ್‌ನ ‘ದಿ ಬರ್ಡ್ಸ್’ (1963) ಸಿನಿಮಾದಲ್ಲಿ ನಮಗೆ ಅಭ್ಯಾಸ ಆಗಿರೋ ಥರದ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಕೂಗಿಗೂ ಟ್ರೌಟೋನಿಯಂ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಬಳಸಿದ್ದಾರೆ. ನುಡಿಸಿದ್ದು ಜರ್ಮನಿಯ ಓಸ್ಕರ್ ಸಾಲಾ. ಅದರಲ್ಲಿ ನಾಯಕಿ ಶಾಲೆಯ ಹೊರಗೆ ಬೆಂಚಿನ ಮೇಲೆ ಕೂತು ಸಿಗರೇಟು ಸೇದುವ ದೃಶ್ಯ ಇದೆ. ಒಳಗೆ ಮಕ್ಕಳು ಹಾಡ್ತಿದ್ದಾರೆ. ಹಾಡು ಮುಗಿಯೋದೇ ಇಲ್ಲ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತೆ. ಆಮೇಲೆ ಇನ್ನೊಂದು. ಅವಳು ತಿರುಗಿ ನೋಡೋ ಹೊತ್ತಿಗೆ ಕಂಬಿ ತುಂಬಾ ಕಾಗೆ. ಡಮ್ ಡಮ್ ಅಂತ ಮ್ಯೂಸಿಕ್ ಹಾಕಿದ್ದರೆ ‘ಹ್ಞಾಂ, ಈಗ ಹೆದರಿ’ ಅಂದ ಹಾಗಾಗುತ್ತಿತ್ತು. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಮಕ್ಕಳು ಸುಮ್ನೆ ತಮ್ಮ ಪಾಡಿಗೆ ಹಾಡುತ್ತಲೇ ಇದ್ದಾರೆ. ನನಗೆ ಇವತ್ತಿಗೂ ಮೈ ಜುಂ ಅನ್ನೋದು ಆ ಹಾಡಿಗೆ, ಕಾಗೆಗಲ್ಲ.

ಹೈಸ್ಕೂಲ್ ಮೇಷ್ಟ್ರು:
ಸಂಕೇತದ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ. ಒಂದು ಕಾಲದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಸಿನಿಮಾ ನೋಡ್ತಿದ್ದೆ. ನೀರು ಅಂದ್ರೆ ಶುದ್ಧಿ, ನಾಯಿ ಅಂದ್ರೆ ನಿಷ್ಠೆ, ಕನ್ನಡಿ ಅಂದ್ರೆ ಒಡೆದ ಮನಸ್ಸು. ಪರೀಕ್ಷೆಗೆ ಗೈಡ್ ಬರೆದ ಹಾಗೆ! ಪುಟ ತುಂಬುತ್ತಿತ್ತು, ಸಿನಿಮಾ ಮಾತ್ರ ನೆನಪಿರುತ್ತಿರಲಿಲ್ಲ. ಆಮೇಲೆ ತರ್ಕೋವ್‌ಸ್ಕಿ ಬರೆದದ್ದು ಓದಿದೆ. ಝೋನ್ ಯಾವುದರ ಸಂಕೇತವೂ ಅಲ್ಲ, ಝೋನ್ ಅಂದ್ರೆ ಝೋನ್ ಅನ್ನೋ ಅರ್ಥದ ಮಾತು ಅವರೇ ಹೇಳಿದ್ದಾರೆ. ಅವತ್ತೇ ನೋಟ್‌ಬುಕ್ ಮುಚ್ಚಿದೆ.

ಈಗ ಮಾಡೋದು ಒಂದೇ ಕೆಲಸ. ಒಮ್ಮೆ ಕಂಡದ್ದು ಬೇರೆ ವೇಷದಲ್ಲಿ ಮತ್ತೆ ಬಂತಾ ಅಂತ ನೋಡೋದು. ಗಿಯೆರ್ಮೊ ದೆಲ್ ತೋರೊ ಮಾಡಿದ ‘ಪ್ಯಾನ್ಸ್ ಲ್ಯಾಬಿರಿಂತ್’ (2006) ನಡೆಯೋದು 1944ರ ಸ್ಪೇನಿನಲ್ಲಿ, ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ. ಕ್ಯಾಪ್ಟನ್ ವಿದಾಲ್ ಊಟದ ಮೇಜಿನ ತುದಿಯಲ್ಲಿ ಯಜಮಾನನ ಹಾಗೆ ಕೂತು, ಅತಿಥಿಗಳಿಗೆ ಬಡಿಸುತ್ತಾ, ಊರವರ ರೇಷನ್ ಕಡಿತದ ಮಾತಾಡ್ತಾನೆ. ಮುಂದೆ ಅವನ ಹೆಂಡತಿಯ ಮಗಳು ಒಫೀಲಿಯಾ ಮಾಯಾಲೋಕದ ಒಂದು ಕೋಣೆಗೆ ಹೋಗ್ತಾಳೆ. ಅಲ್ಲೂ ಉದ್ದನೆ ಮೇಜು, ತಿಂಡಿಯ ರಾಶಿ, ಹಿಂದೆ ಉರಿಯುವ ಬೆಂಕಿ. ಮೇಜಿನ ತುದಿಯಲ್ಲಿ ಕೂತಿರೋದು ಜೋತುಬಿದ್ದ ಚರ್ಮದ, ಕಣ್ಣಿಲ್ಲದ ರಾಕ್ಷಸ. ಅವನ ಕಣ್ಣುಗುಡ್ಡೆಗಳು ಮುಂದಿನ ತಟ್ಟೆಯಲ್ಲಿವೆ. ಎದ್ದಾಗ ಅವನ್ನು ಅಂಗೈಗೆ ಸಿಕ್ಕಿಸಿಕೊಳ್ತಾನೆ. ಒಂದು ಮೂಲೆಯಲ್ಲಿ ಮಕ್ಕಳ ಶೂಗಳ ಗುಡ್ಡೆ. ಇವನೇ ಅವನು ಅಂತ ಯಾರೂ ಹೇಳಲ್ಲ. ಆ ಮೇಜು ನೋಡಿದರೆ ಸಾಕು, ಹೊಟ್ಟೆಯೊಳಗೇ ಗೊತ್ತಾಗುತ್ತೆ. ಅರ್ಥ ಹುಡುಕೋಕೆ ಹೋಗಬೇಡಿ ಅಂತಲ್ಲ. ಮೊದಲ ಸಲವೇ ಹೋಗಬೇಡಿ.

ಇನ್ನೊಬ್ಬರು:
ಟಿವಿಯಲ್ಲಿ ನೋಡೋದಾದರೆ ‘ಮೋಷನ್ ಸ್ಮೂದಿಂಗ್’ (ಚಲನೆಯನ್ನು ಅತಿ ನಯವಾಗಿಸುವ ಟಿವಿ ಸೆಟ್ಟಿಂಗ್) ಆಫ್ ಮಾಡಿ. ಇಲ್ಲದಿದ್ದರೆ ತರ್ಕೋವ್‌ಸ್ಕಿಯೂ ಸೀರಿಯಲ್ ಥರ ಕಾಣ್ತಾರೆ. ಲೈಟು ಆರಿಸಿ, ಫೋನು ಬೇರೆ ರೂಮಲ್ಲಿಡಿ. ನಿದ್ದೆ ಬಂದರೆ ಬರಲಿ, ನಾನು ಎರಡು ಕಂತಲ್ಲಿ ನೋಡಿದೀನಿ.

ಎಂಟು ವರ್ಷದ ಮಗಳ ಅಪ್ಪ:
ಅಷ್ಟು ದೂರ ಯಾಕೆ, ಪಕ್ಕದ ಮಲಬಾರಿನದ್ದೇ ಒಂದು ಹೇಳ್ತೀನಿ. ಅರವಿಂದನ್ ಅವರ ಮಲಯಾಳಂ ಸಿನಿಮಾ ‘ಕುಮ್ಮಾಟ್ಟಿ’ (1979). 2021ರಲ್ಲಿ ಅದನ್ನು ರಿಸ್ಟೋರ್ ಮಾಡಿದ್ದಾರೆ, ಆ ಪ್ರಿಂಟೇ ನೋಡಿ. ಊರಿಗೆ ಬರುವ ಮಾಯಗಾರ ಮುದುಕ ಆಟಕ್ಕೆ ಮಕ್ಕಳನ್ನೆಲ್ಲ ಪ್ರಾಣಿಗಳನ್ನಾಗಿ ಮಾಡ್ತಾನೆ. ನಾಯಿಯಾದ ಚಿಂಡನ್ ಅನ್ನೋ ಹುಡುಗ ಓಡಿಹೋಗ್ತಾನೆ. ಉಳಿದವರು ಮತ್ತೆ ಮಕ್ಕಳಾಗ್ತಾರೆ, ಇವನು ಮುದುಕ ತಿರುಗಿ ಬರುವವರೆಗೆ ನಾಯಿಯಾಗೇ ಉಳೀತಾನೆ. ಕೊನೆಗೆ ಹುಡುಗನಾದ ಮೇಲೆ ಮನೆಯ ಪಂಜರ ತೆಗೆದು ಹಕ್ಕಿಯನ್ನು ಬಿಡ್ತಾನೆ. ಸ್ವಾತಂತ್ರ್ಯದ ಬಗ್ಗೆ ಮಗಳಿಗೆ ಏನೋ ಹೇಳೋಣ ಅಂತ ಬಾಯಿ ತೆಗೆದೆ. ಅವಳು ನನಗೇ ಸುಮ್ನಿರು ಅಂತ ಕೈ ತೋರಿಸಿ, ಹಕ್ಕಿ ಹಾರೋದನ್ನೇ ನೋಡ್ತಾ ‘ಅವನಿಗೆ ಗೊತ್ತಲ್ಲಪ್ಪಾ’ ಅಂದಳು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೌದು, ಲ್ಯಾಪ್‌ಟಾಪ್ ಸ್ಪೀಕರೇ. ನಿನ್ನೆ ರಾತ್ರಿ ತಮ್ಮನ ಹೆಡ್‌ಫೋನ್ ಇಸ್ಕೊಂಡು ಟ್ರಾಲಿ ಭಾಗ ಮಾತ್ರ ಹಾಕಿದೆ. ಟಕಟಕ ಎಲ್ಲಿ ಬದಲಾಗುತ್ತೆ ಅಂತ ಹಿಡಿಯೋಕೆ ಮೂರು ಸಲ ಹಿಂದಕ್ಕೆ ಹೋದೆ. ಸಿಗಲಿಲ್ಲ. ಪ್ರತಿ ಸಲವೂ, ಇನ್ನೂ ಗಾಲಿ ಸದ್ದೇ ಕೇಳ್ತಿದೆ ಅಂದ್ಕೊಳ್ಳೋ ಹೊತ್ತಿಗೆ ಅದು ಬೇರೆಯಾಗಿಬಿಟ್ಟಿರುತ್ತೆ. ಇವತ್ತು ರಾತ್ರಿ ಅಲ್ಲಿಂದ ಮುಂದಕ್ಕೆ.