ಕೆಸರು ಬಯಲಿನ ಹಕ್ಕಿಗಳ ಫೋಟೊ: ಹತ್ತಿರ ಹೋಗುವುದು ಹೇಗೆ, ಚಿತ್ರ ಮಸುಕಾಗುವುದು ಯಾಕೆ?

ಅಳಿವೆದಂಡೆ (ಪ್ರಶ್ನೆ)

ಅಳಿವೆಯ ಕೆಸರು ಬಯಲಿನಲ್ಲಿ ಮೇಯುವ ದಂಡೆಹಕ್ಕಿಗಳಾದ ಗೊರವ, ಪ್ಲವರ್, ಸ್ಟಿಂಟ್‌ಗಳ ಫೋಟೊ ತೆಗೆಯಬೇಕು. 24 ಮೆಗಾಪಿಕ್ಸೆಲ್‌ನ ಚಿಕ್ಕ ಸೆನ್ಸರ್‌ನ (ಕ್ರಾಪ್ ಸೆನ್ಸರ್) ಕ್ಯಾಮೆರಾ, 150-600 ಮಿ.ಮೀ. ಝೂಮ್ ಲೆನ್ಸ್, ಟ್ರೈಪಾಡ್ ಇವೆ. ತೊಂದರೆ ಮೂರು. ಇನ್ನೂ 40 ಮೀಟರ್ ದೂರ ಇರುವಾಗಲೇ ಹಿಂಡು ಎದ್ದುಬಿಡುತ್ತದೆ. ಬೆಳಿಗ್ಗೆ ಹತ್ತರ ಮೇಲೆ ತೆಗೆದದ್ದೆಲ್ಲ ನೀರೊಳಗಿಂದ ನೋಡಿದ ಹಾಗೆ ಬರುತ್ತದೆ, ಶಟರ್ 1/2500 ಸೆಕೆಂಡ್ ಇಟ್ಟರೂ ಗರಿಯ ಗೆರೆ ಕಾಣುವುದಿಲ್ಲ. ಬೆಳ್ಳಕ್ಕಿಯ ಬಿಳಿಯಂತೂ ಪೂರ್ತಿ ಸುಟ್ಟುಹೋಗುತ್ತದೆ. ಲೆನ್ಸ್‌ನ ದೋಷವೋ, ತೆಗೆಯುವ ಕ್ರಮವೇ ತಪ್ಪೋ, ತಿಳಿದವರು ಹೇಳಿ.

ಉಬ್ಬರಪಟ್ಟಿ

ಹತ್ತಿರ ಹೋಗುವ ಯೋಚನೆ ಬಿಟ್ಟು, ಅವು ಬರುವ ಜಾಗದಲ್ಲಿ ಮುಂಚೆಯೇ ಕೂರುವ ಯೋಚನೆ ಮಾಡಿ. ಇಳಿತದ ಹೊತ್ತಿನಲ್ಲಿ ಬಯಲು ಅಗಲವಾಗಿ ತೆರೆದುಕೊಂಡು ಹಕ್ಕಿಗಳು ಚದುರಿರುತ್ತವೆ. ಆಗ ಬೆನ್ನು ಹತ್ತಿದರೆ ಹಾರದೆ ಇನ್ನೇನು ಮಾಡಿಯಾವು? ನೀರು ಏರತೊಡಗಿದ ಮೇಲೆ ನೀರಿನ ಅಂಚನ್ನೇ ಹಿಡಿದು ಮೇಯುತ್ತ ದಡದ ಕಡೆಗೆ ತಾವೇ ಸರಿಯುತ್ತವೆ. ತುಂಬು ಉಬ್ಬರಕ್ಕೆ ಮೂರು ಗಂಟೆ ಇರುವಾಗ ಹೋಗಿ, ಬಯಲಿನ ಮೇಲಂಚಿನಲ್ಲಿ ಸೂರ್ಯ ಬೆನ್ನಿಗೆ ಬರುವಂತೆ ಕೂತುಬಿಡಿ. ಏರುವ ಆರು ಗಂಟೆಗಳಲ್ಲಿ ನಡುವಿನ ಎರಡು ಗಂಟೆಗೇ ಅರ್ಧದಷ್ಟು ನೀರು ಏರುತ್ತದೆ. ಹಕ್ಕಿಗಳು ಬೇಗ ಬೇಗ ಹತ್ತಿರ ಬರುವುದೂ ಆಗಲೇ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ದಿನಕ್ಕೆ ಎರಡು ಉಬ್ಬರ ಇರುವ ಕಡೆ, ಎಳೆಬಿಸಿಲೂ ಏರುವ ನೀರೂ ಕೂಡಿಬರುವ ನಾಲ್ಕೈದು ದಿನಗಳು ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಸಿಗುತ್ತವೆ. ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ ಆ ದಿನಗಳನ್ನು ಗುರುತು ಹಾಕಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಯಲನ್ನೆಲ್ಲ ಮುಚ್ಚುವುದರಿಂದ ಹಕ್ಕಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ ಚಿಕ್ಕದು, ಅವು ದೂರದಲ್ಲೇ ಮೇದುಕೊಂಡು ಉಳಿಯುತ್ತವೆ.

ಇನ್ನು ಎತ್ತರ. ನಿಂತು ತೆಗೆಯಬೇಡಿ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದು, 15 ಮೀಟರ್ ದೂರದ ಹಕ್ಕಿಯ ಕಣ್ಣು ನೆಲದಿಂದ 10 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. ನೋಟದ ಗೆರೆ ಹಕ್ಕಿಯ ಹಿಂದೆ ಒಂದೇ ಮೀಟರ್ ದೂರದ ಕೆಸರಿಗೆ ಬಡಿಯುತ್ತದೆ, ಆ ಕೆಸರಿನ ಪ್ರತಿ ಉಂಡೆಯೂ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕ್ಯಾಮೆರಾವನ್ನು 20 ಸೆಂ.ಮೀ.ಗೆ ಇಳಿಸಿದರೆ ಅದೇ ಗೆರೆ ಹಿಂದೆ 15 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಹಿನ್ನೆಲೆ ಹಾಲಿನಂತೆ ಕರಗುತ್ತದೆ. ಇನ್ನೊಂದು ಲಾಭ, ಮಲಗಿದವನ ಆಕಾರಕ್ಕೆ ಹಕ್ಕಿ ಅಷ್ಟು ಬೆದರುವುದಿಲ್ಲ. ಟ್ರೈಪಾಡ್ ಬದಲು ಅಗಲ ಬಾಣಲೆಯಂಥ ತಟ್ಟೆಗೆ ಕ್ಯಾಮೆರಾವನ್ನು ಬೇಕಾದತ್ತ ತಿರುಗಿಸುವ ಬಾಲ್‌ಹೆಡ್ ಕೂರಿಸಿಕೊಂಡರೆ ಕೆಸರಿನ ಮೇಲೆ ಮುಳುಗದೆ ಜಾರಿಸಬಹುದು.

ದೂರದ ಲೆಕ್ಕವನ್ನೂ ನೋಡಿ. ನಿಮ್ಮ ಕ್ಯಾಮೆರಾದಲ್ಲಿ 600ಕ್ಕೆ, 40 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಒಂದೂವರೆ ಮೀಟರ್ ದಾಟುತ್ತದೆ. 14 ಸೆಂ.ಮೀ.ನ ಸ್ಟಿಂಟ್ ಅದರಲ್ಲಿ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಅದೇ 15 ಮೀಟರ್‌ನಲ್ಲಿ ಅಗಲ 59 ಸೆಂ.ಮೀ., ಹಕ್ಕಿ ಕಾಲು ಭಾಗ ತುಂಬುತ್ತದೆ. ಆಮೇಲೆ ಚಿತ್ರದ ಅಂಚು ಕತ್ತರಿಸಿ (ಕ್ರಾಪ್ ಮಾಡಿ) ಇದನ್ನು ಸರಿದೂಗಿಸಲಾಗದು.

ಕೂತಮೇಲೆ ಹಕ್ಕಿಯ ವರ್ತನೆ ಓದುತ್ತಿರಿ. ಮೇಯುವುದು ನಿಲ್ಲಿಸಿ ಕತ್ತು ಉದ್ದ ಮಾಡಿತೆಂದರೆ ನೀವು ಅಲುಗಬಾರದು. ಪ್ಲವರ್ ತಲೆಯನ್ನು ಮೇಲೆ ಕೆಳಗೆ ಕುಲುಕಿದರೆ ಅದು ಎಚ್ಚರಿಕೆ. ಸಾಮಾನ್ಯ ಗೊರವ ಬಾಲ ಕುಣಿಸುವುದನ್ನು ಮಾತ್ರ ಭಯ ಎಂದು ತಿಳಿಯಬೇಡಿ, ಅದು ಅದರ ಸದಾಕಾಲದ ಅಭ್ಯಾಸ. ಮತ್ತೆ ತಲೆ ತಗ್ಗಿಸಿ ಮೇಯತೊಡಗುವವರೆಗೆ ಕೈಯನ್ನೂ ಎತ್ತದಿರುವುದು ಒಳ್ಳೆಯದು.

ಝಳ_ಮತ್ತು_ಬಿಳಿ

ನಿಮ್ಮ ಎರಡನೆಯ ತೊಂದರೆಗೆ ಕಾರಣ ಬಿಸಿಲ ಝಳ, ಲೆನ್ಸ್‌ನ ತಪ್ಪಲ್ಲ. ಕಾದ ಕೆಸರಿನಿಂದ ಏಳುವ ಬಿಸಿ ಗಾಳಿ ಮೇಲಿನ ತಂಪು ಗಾಳಿಯೊಂದಿಗೆ ಕಲಸಿಕೊಂಡು ಬೆಳಕನ್ನು ಆ ಕಡೆ ಈ ಕಡೆ ಬಾಗಿಸುತ್ತದೆ. ಚಿತ್ರ ಸೆನ್ಸರ್ ಮುಟ್ಟುವ ಮೊದಲೇ ಕೆಟ್ಟಿರುವುದರಿಂದ ಶಟರ್ ವೇಗ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಫೋಕಸ್ ಕೂಡ ಅದರಲ್ಲೇ ತಡವರಿಸುತ್ತದೆ. ಉಪಾಯ ಎರಡೇ, ಸೂರ್ಯ ಏರುವ ಮುಂಚೆ ಮುಗಿಸುವುದು ಮತ್ತು ನಡುವಿನ ಗಾಳಿಯನ್ನು ಕಡಿಮೆ ಮಾಡುವುದು, ಅಂದರೆ ದೂರ ತಗ್ಗಿಸುವುದು. ಮೋಡದ ದಿನ ಹೆಚ್ಚು ಹೊತ್ತು ಸಿಗುತ್ತದೆ. ಮಲಗಿ ತೆಗೆಯುವಾಗ ನೋಟ ನೆಲಕ್ಕೆ ಒತ್ತಿಕೊಂಡೇ ಸಾಗುವುದರಿಂದ ಝಳ ಬೇಗ ಕಾಡುತ್ತದೆ ಎಂಬುದೂ ನೆನಪಿರಲಿ. ಒಮ್ಮೊಮ್ಮೆ ಬಿಸಿಯಾದ ಉದ್ದ ಲೆನ್ಸ್ ಹುಡ್ ಒಳಗೇ ಇಂಥ ಗಾಳಿ ಸುಳಿಯುತ್ತದೆ. ಹುಡ್ ತೆಗೆದು ನಾಲ್ಕು ಚಿತ್ರ ತೆಗೆದು ಹೋಲಿಸಿ. ಲೆನ್ಸ್ ಪರೀಕ್ಷಿಸಲೇಬೇಕೆಂದರೆ ಮುಂಜಾನೆಯ ತಂಪಿನಲ್ಲಿ 10-15 ಮೀಟರ್ ದೂರದ ಕಲ್ಲನ್ನು ಟ್ರೈಪಾಡ್ ಮೇಲಿಂದ ತೆಗೆದು ನೋಡಿ.

ಬಿಳಿಯ ವಿಷಯ. ಬೆಳ್ಳಕ್ಕಿ ಕಪ್ಪು ಕೆಸರಿನ ಮುಂದೆ ನಿಂತರೆ ಮೀಟರ್ ಕತ್ತಲೆ ಎಂದುಕೊಂಡು ಎಕ್ಸ್‌ಪೋಷರ್ ಏರಿಸುತ್ತದೆ. ಎರಡು ಹೆಜ್ಜೆ ಸರಿದು ಹೊಳೆಯುವ ನೀರಿನ ಮುಂದೆ ಬಂದರೆ ಇಳಿಸುತ್ತದೆ. ಹಕ್ಕಿಯ ಮೇಲೆ ಬೀಳುವ ಬೆಳಕು ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಆಕಾಶ ಒಂದೇ ಸಮ ಇರುವಾಗ ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಮ್ಯಾನುಯಲ್ ಆಗಿ ಕಟ್ಟಿಹಾಕಿ. ಕ್ಯಾಮೆರಾ ಪರದೆಯಲ್ಲಿ ಬೆಳ್ಳಕ್ಕಿಯ ಸುಟ್ಟ ಭಾಗದ ಮೇಲೆ ಮಿನುಗುವ ಎಚ್ಚರಿಕೆ ಮಾಯವಾಗುವವರೆಗೆ ಮೂರನೇ ಒಂದು ಸ್ಟಾಪ್‌ನಂತೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಇಳಿಸುತ್ತ ಬನ್ನಿ, ಅಲ್ಲಿ ನಿಲ್ಲಿಸಿ. ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್‌ನಲ್ಲಿ ಕೆಸರನ್ನು ಆಮೇಲೆ ಎತ್ತಿಕೊಳ್ಳಬಹುದು, ಸುಟ್ಟ ಬಿಳಿ ವಾಪಸ್ ಬರುವುದಿಲ್ಲ. ಮೋಡ ಓಡುತ್ತಿರುವ ದಿನ ಆಟೋ ಐಎಸ್‌ಒ ಇಟ್ಟು, ಕಪ್ಪು ಕೆಸರಿನ ಮುಂದಿನ ಬಿಳಿ ಹಕ್ಕಿಗೆ ಮೈನಸ್ ಒಂದು ಸ್ಟಾಪ್‌ನಿಂದ ಶುರುಮಾಡಿ.

ಮೇಯುವ ಹಕ್ಕಿಗೆ ಶಟರ್ 1/1000, ಹಾರುವುದಕ್ಕೆ 1/2500ರ ಮೇಲೆ. 600ರಲ್ಲಿ 15 ಮೀಟರ್‌ಗೆ ಅಪರ್ಚರ್ ಎಫ್/8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು 20 ಸೆಂ.ಮೀ. ಅಷ್ಟೇ, ಫೋಕಸ್ ಕಣ್ಣಿನ ಮೇಲೇ ಇರಬೇಕು. ಪ್ಲವರ್ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಆಮೇಲೆ ಬಾಗಿ ಕುಕ್ಕುತ್ತದೆ. ಆ ನಿಂತ ಕ್ಷಣದಲ್ಲಿ ಕ್ಲಿಕ್ಕಿಸಿ. ಸ್ಟಿಂಟ್ ಹಾಗಲ್ಲ, ಹೊಲಿಗೆ ಯಂತ್ರದ ಸೂಜಿಯಂತೆ ಕುಕ್ಕುತ್ತಲೇ ಇರುತ್ತದೆ, ಒಂದೇ ಸಮನೆ ಕ್ಲಿಕ್ಕಿಸುವ ಬರ್ಸ್ಟ್‌ನಲ್ಲಿ ಹತ್ತು ತೆಗೆದರೆ ತಲೆ ಎತ್ತಿದ್ದು ಒಂದೋ ಎರಡೋ ಸಿಗುತ್ತದೆ.

ಉಪ್ಪುನೀರು

ಮೇಲಿನವರು ಟ್ರೈಪಾಡ್ ಬೇಡ ಎಂದಿದ್ದಾರೆ. ಒಯ್ಯುವುದಾದರೆ ಕಾಲಿನ ಕೆಳಗಿನ ತುಂಡನ್ನೇ ಮೊದಲು ಪೂರ್ತಿ ಎಳೆಯಿರಿ, ಆಗ ಲಾಕ್ ನೀರಿನಿಂದ ಮೇಲಿರುತ್ತದೆ. ಮೇಲಿನ ತುಂಡು ಎಳೆದು ಕೆಳಗಿನದನ್ನು ಒಳಗೇ ಬಿಟ್ಟರೆ ಉಪ್ಪು, ಮರಳು ಲಾಕ್ ಒಳಗೆ ಸೇರಿ ತಿರುಗಿಸುವಾಗ ಕರಕರ ಎನ್ನತೊಡಗುತ್ತದೆ. ಮನೆಗೆ ಬಂದ ದಿನವೇ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಲಾಕ್‌ಗೆ ಗ್ರೀಸ್ ಹಚ್ಚಿ ಜೋಡಿಸಿ.

ಲೆನ್ಸ್ ಗಾಜಿನ ಮೇಲೆ ಒಣಗಿದ ತುಂತುರು ಇದ್ದರೆ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಬ್ಲೋವರ್‌ನಿಂದ ಮರಳು ಊದಿ, ಸಿಹಿನೀರಲ್ಲಿ ತೇವ ಮಾಡಿದ ಬಟ್ಟೆಯಿಂದ ಉಪ್ಪು ಕರಗಿಸಿ, ಕೊನೆಗೆ ಒಣಬಟ್ಟೆ. ಎಸಿ ಕೋಣೆಯಿಂದ ಕಡಲ ಗಾಳಿಗೆ ತರುವಾಗ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲೇ ಅರ್ಧ ಮುಕ್ಕಾಲು ಗಂಟೆ ಬಿಡಿ, ತೇವ ಚೀಲದ ಹೊರಮೈಗೆ ಕೂರುತ್ತದೆ.

ಮತ್ತೆ ಕೆಸರು. ಪ್ರತಿ ಹೆಜ್ಜೆಗೂ ಮುಂಚೆ ಕೋಲಿನಿಂದ ಚುಚ್ಚಿ ನೋಡಿ. ಏರುವ ನೀರು ಎದುರಿನಿಂದ ಮಾತ್ರ ಬರುವುದಿಲ್ಲ, ನಿಮ್ಮ ಬೆನ್ನ ಹಿಂದಿನ ತೋಡುಗಳು ಮೊದಲು ತುಂಬಿ ದಾರಿ ಮುಚ್ಚುತ್ತವೆ. ಕಾಲು ಹೂತರೆ ಜಗ್ಗಬೇಡಿ. ಹಿಂದಕ್ಕೆ ಒರಗಿ ಭಾರ ಹರಡಿ, ಕಾಲನ್ನು ನಿಧಾನ ಅಲುಗಿಸುತ್ತ ನೀರು ಒಳಗೆ ಇಳಿಯಲು ಬಿಟ್ಟು ಬಿಡಿಸಿಕೊಳ್ಳಿ. ಒಬ್ಬರೇ ಹೋಗುವ ಜಾಗವಲ್ಲ.

ಅಳಿವೆದಂಡೆ

ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: ತುಂಬು ಉಬ್ಬರದಲ್ಲಿ ನೂರಾರು ಹಕ್ಕಿಗಳು ಒಂದೇ ಮರಳ ದಿಬ್ಬದಲ್ಲಿ ಒತ್ತಾಗಿ ನಿಲ್ಲುತ್ತವೆ. ಆಗ ತೆವಳಿಕೊಂಡು ಹತ್ತಿರ ಹೋಗಬಹುದೇ?

ಉಬ್ಬರಪಟ್ಟಿ

ದಯವಿಟ್ಟು ಬೇಡ. ಮೇಯಲು ನೆಲವಿಲ್ಲದ ಆ ಹೊತ್ತು ಅವು ವಿಶ್ರಾಂತಿ ಪಡೆಯುವ ಸಮಯ, ಹಾರಿಸಿದರೆ ಇಳಿಯಲು ಬೇರೆ ಜಾಗವೂ ಇರುವುದಿಲ್ಲ. ವಲಸೆಗೆ ಕೂಡಿಟ್ಟ ಕೊಬ್ಬು ಹೀಗೆ ಸುಮ್ಮನೆ ಕರಗುತ್ತದೆ. 2022ರಲ್ಲಿ ಟ್ಯಾಗ್ ಹಾಕಿದ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಎಂಬ ದಂಡೆಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿತು, ಹನ್ನೊಂದು ದಿನ. ಆಗ ಅದಕ್ಕೆ ಐದು ತಿಂಗಳ ವಯಸ್ಸು. ದಾರಿಯುದ್ದಕ್ಕೂ ಆ ಕೊಬ್ಬೇ ಆಹಾರ.

ದೂರದಲ್ಲೇ ಕೂತು 150-200ರಲ್ಲಿ ಇಡೀ ಹಿಂಡನ್ನು ತೆಗೆಯಿರಿ. ನೀರು ಇಳಿಯತೊಡಗಿದಾಗ ಅವು ತಾವಾಗಿ ಗುಂಪು ಗುಂಪಾಗಿ ಬಯಲಿಗೆ ಹಾರುತ್ತವೆ, ಹಾರಾಟದ ಚಿತ್ರ ಆಗ ಸಿಗುತ್ತದೆ. ಪೂರ್ತಿ ಇಳಿದ ಮೇಲೆ ಏಡಿಗಳ ಸರದಿ. ಫಿಡ್ಲರ್ ಏಡಿಯ ಬಿಲದ ಹತ್ತಿರ ನೆರಳು ಬೀಳದಂತೆ ಮಲಗಿ ಹತ್ತು ನಿಮಿಷ ಅಲುಗದಿದ್ದರೆ, ಗಂಡು ಹೊರಬಂದು ತನ್ನ ಒಂದೇ ದೊಡ್ಡ ಕೊಂಡಿಯನ್ನು ಬೀಸತೊಡಗುತ್ತದೆ.

ಹಕ್ಕಿಯ ಕಾಲಿನಲ್ಲಿ ಬಣ್ಣದ ಪಟ್ಟಿ ಕಂಡರೆ ಸೊಗಸಾದ ಭಂಗಿಗಾಗಿ ಕಾಯದೆ ಮೊದಲು ಕಾಲನ್ನೇ ತೆಗೆಯಿರಿ. ಎರಡೂ ಕಾಲು, ಮೊಣಕಾಲಿನಂತೆ ಕಾಣುವ ಗಂಟಿನ ಮೇಲೆ ಮತ್ತು ಕೆಳಗೆ ಎರಡೂ ಕಾಣಬೇಕು, ಅಕ್ಷರಗಳಿದ್ದರೆ ಓದುವಂತಿರಬೇಕು. ಬಣ್ಣ, ಯಾವ ಕಾಲು, ಎಷ್ಟು ಮೇಲೆ ಎಂಬುದರಿಂದ ಅದಕ್ಕೆ ಎಲ್ಲಿ ಪಟ್ಟಿ ಹಾಕಿದ್ದು ಎಂದು ಸಂಶೋಧಕರು ಗುರುತಿಸುತ್ತಾರೆ. ತಾರೀಖು, ಜಾಗ ಸೇರಿಸಿ ಅವರಿಗೆ ಕಳಿಸಿ. ಗೂಡಿನ ಚಿತ್ರವಾದರೆ ಮಾತ್ರ ಜಾಗದ ಗುರುತು ಅಳಿಸಿಯೇ ಹಂಚಿಕೊಳ್ಳಿ. ಪ್ಲವರ್ ರೆಕ್ಕೆ ಮುರಿದಂತೆ ನಟಿಸುತ್ತ ನಿಮ್ಮೆದುರು ಓಡಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇವೆ ಎಂದರ್ಥ, ಬಂದ ಹೆಜ್ಜೆಗಳಲ್ಲೇ ಕಾಲಿಟ್ಟು ಹಿಂದಕ್ಕೆ ಸರಿಯಿರಿ.